ದೇಶಬಂಧು ಚಿತ್ತರಂಜನ ದಾಸರು: ಆಪಾದಿತರ ಪಕ್ಷದ ವಕೀಲರು

ಸೊರಬದ ನ್ಯಾಯಸ್ಥಾನದ ಅಂಗಳದಲ್ಲಿ ವಾಯಿದೆಯ ದಿನ ಬೆಳಿಗ್ಗೆ ಹೋಗಿ ನಿಂತವರಿಗೆ ಒಂದು ನೋಟ ತಪ್ಪದೆ ಕಾಣುವುದು. ಆನವಟ್ಟಿಯ ಕಡೆಯಿಂದಲೋ ಚಂದ್ರಗುತ್ತಿಯ ಕಡೆಯಿಂದಲೋ ಮೊದಲ ಬಸ್ಸಿಗೆ ಬಂದಿಳಿದ ಒಬ್ಬ ರೈತನು ಮಡಿಸಿದ ಸಮನ್ಸಿನ ಕಾಗದವನ್ನು ಕೈಯಲ್ಲಿ ಹಿಡಿದು, ಕಂಡಕಂಡವರನ್ನು ಒಂದೇ ಪ್ರಶ್ನೆ ಕೇಳುತ್ತಿರುತ್ತಾನೆ: ತಪ್ಪೆಂದು ಒಪ್ಪಿಕೊಂಡು ದಂಡ ಕಟ್ಟಿಬಿಟ್ಟರೆ ಈ ಕಾಟ ಇಂದೇ ಮುಗಿಯುವುದಿಲ್ಲವೆ? ಮುಗಿಯುವುದೆಂದು ಹೇಳುವವರು ಅಲ್ಲಿ ಧಾರಾಳವಾಗಿ ದೊರೆಯುತ್ತಾರೆ. ಒಪ್ಪಿಕೊಂಡದ್ದೆಂದರೆ ಅಪರಾಧಿಯೆಂದು ತೀರ್ಪಾದಂತೆಯೇ, ಆ ತೀರ್ಪು ಅವನ ಹೆಸರಿನ ಜೊತೆಯಲ್ಲಿ ಉಳಿಯುತ್ತದೆ, ನಾಳೆ ಮಗನು ನೌಕರಿಗೆ ಅರ್ಜಿ ಹಾಕುವ ಮನೆಯಲ್ಲಿ ಅದು ಮಾತಿಗೆ ಬಂದೀತು ಎಂಬುದನ್ನು ತಿಳಿಸಿ ಹೇಳುವವರು ಬಲು ಕಡಮೆ. ಇದು ಸಣ್ಣ ಆಪಾದನೆಯ ಮಾತಾಯಿತು. ಎರಡು ವರ್ಷಕ್ಕೆ ಮೀರಿದ ಶಿಕ್ಷೆಯುಳ್ಳ ವಾರಂಟ್ ಕೇಸು, ಸೆಷನ್ಸಿಗೆ ಹೋಗತಕ್ಕ ಘೋರಾಪರಾಧದ ಕೇಸು, ಇವುಗಳ ಮಾತು ಬಂದರಂತೂ ಬಡವನಾದ ಆಪಾದಿತನಿಗೆ ಮೊದಲು ಹೋಗುವುದು ಹೊಲ, ಆಮೇಲೆ ಹೆಂಡತಿಯ ಕಿವಿಯೋಲೆ.

ಈ ವಿಷಯವನ್ನು ನಾವು ಯೋಚಿಸುವಾಗಲೆಲ್ಲ ನಮ್ಮ ಮನಸ್ಸು ಎರಡು ಕಡೆಗೆ ಹೋಗುತ್ತದೆ. ಒಂದು, ಸೊರಬದ ನೆರೆಯ ಶಿಕಾರಿಪುರ ತಾಲ್ಲೂಕಿನ ಈಸೂರು. 1942ನೆಯ ಸೆಪ್ಟೆಂಬರಿನಲ್ಲಿ ತಾನು ಸ್ವತಂತ್ರವಾದ ಊರೆಂದು ಸಾರಿಕೊಂಡ ಆ ಹಳ್ಳಿಗೆ ಅದೇ ತಿಂಗಳ 28ರಂದು ಅಮಲ್ದಾರರೂ ಪೋಲೀಸು ಸಬ್‌ಇನ್ಸ್‌ಪೆಕ್ಟರರೂ ಬಂದರು. ಘರ್ಷಣೆಯಾಗಿ ಇಬ್ಬರೂ ಪ್ರಾಣ ಕಳೆದುಕೊಂಡರು. ಮುಂದೆ ಊರಿನ ಮೇಲೆ ಸೈನ್ಯ ಬಂತು, ಜನ ಕಾಡು ಸೇರಿದರು, ಹಿಡಿದವರ ಮೇಲೆ ವಿಚಾರಣೆ ನಡೆಯಿತು. 1943ನೆಯ ಮಾರ್ಚಿ ತಿಂಗಳಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಹೆಂಗಸರೂ ಜೀವಾವಧಿ ಶಿಕ್ಷೆಗೆ ಗುರಿಯಾದರು. ಘಟನೆಯ ದಿನದಿಂದ ಗಲ್ಲಿನ ದಿನದವರೆಗೆ ಲೆಕ್ಕ ಹಾಕಿದರೆ ಆರು ತಿಂಗಳೂ ತುಂಬುವುದಿಲ್ಲ. ವಾಚಕರು ಈ ಲೆಕ್ಕವನ್ನು ನೆನಪಿನಲ್ಲಿಡಬೇಕು. ನಾವು ಅದಕ್ಕೆ ಪುನಃ ಬರುವೆವು.

ಮನಸ್ಸು ಹೋಗುವ ಮತ್ತೊಂದು ಕಡೆ ಕಲಕತ್ತೆಯ ಆಲಿಪುರದ ಸೆಷನ್ಸ್ ನ್ಯಾಯಸ್ಥಾನ. ಅಲ್ಲಿ ತಿಂಗಳುಗಟ್ಟಲೆ ಆಪಾದಿತರ ಪಕ್ಷದಲ್ಲಿ ನಿಂತ ಚಿತ್ತರಂಜನ ದಾಸರು. ದೇಶಬಂಧುವೆಂಬ ಬಿರುದಿನಿಂದ ಅವರ ಹೆಸರನ್ನು ಕೇಳದ ಕನ್ನಡಿಗನಿಲ್ಲ. ಆದರೆ ಸ್ವರಾಜ್ಯ ಪಕ್ಷದ ನಾಯಕರಾಗಿ ಅವರನ್ನು ಬಲ್ಲವರಿಗಿಂತ, ಆಪಾದಿತರ ವಕೀಲರಾಗಿ ಅವರು ಮಾಡಿದ ಕೆಲಸವನ್ನು ಬಲ್ಲವರು ಕಡಮೆ. ಆದುದರಿಂದ ಅವರ ಜೀವಿತವನ್ನು ಆ ಭಾಗಕ್ಕೇ ಹೆಚ್ಚು ಗಮನವಿಟ್ಟು ಹೇಳಬೇಕೆಂದು ನಾವು ಸಂಕಲ್ಪಿಸಿದ್ದೇವೆ.

ಚಿತ್ತರಂಜನರು 1870ನೆಯ ನವೆಂಬರ್ 5ರಂದು ಕಲಕತ್ತೆಯಲ್ಲಿ ಜನಿಸಿದರು. ಮನೆತನದ ಮೂಲ ಢಾಕಾ ಸೀಮೆಯ ವಿಕ್ರಮಪುರದ ತೇಲಿರಬಾಗ ಎಂಬ ಗ್ರಾಮ. ತಂದೆ ಭುವನಮೋಹನ ದಾಸರು ಉಚ್ಚನ್ಯಾಯಾಲಯದಲ್ಲಿ ಅಟಾರ್ನಿಗಳು, ಬ್ರಹ್ಮಸಮಾಜದವರು, ಪತ್ರಿಕಾವ್ಯವಸಾಯದಲ್ಲಿಯೂ ಕೈಯಿಟ್ಟವರು. ದೊಡ್ಡಪ್ಪ ದುರ್ಗಾಮೋಹನ ದಾಸರು ಬಂಗಾಳದ ಸಮಾಜ ಸುಧಾರಕರಲ್ಲಿ ಪ್ರಸಿದ್ಧರು. ಕೊಡುಗೈಯ ಮನೆತನ, ಕೊಡುವುದರಲ್ಲಿ ಲೆಕ್ಕವಿಡುವ ಅಭ್ಯಾಸ ಆ ಮನೆಯಲ್ಲಿ ಇರಲಿಲ್ಲ. ಪ್ರೆಸಿಡೆನ್ಸಿ ಕಾಲೇಜಿನಿಂದ 1890ರಲ್ಲಿ ಪದವಿ ಪಡೆದ ಮೇಲೆ ಮಗನನ್ನು ಸಿವಿಲ್ ಸರ್ವೀಸ್ ಪರೀಕ್ಷೆಗೆಂದು ಇಂಗ್ಲೆಂಡಿಗೆ ಕಳುಹಿಸಿದರು. ಆ ಪರೀಕ್ಷೆಯಲ್ಲಿ ಅವರಿಗೆ ಜಯ ದೊರೆಯಲಿಲ್ಲ. ಅವರು ಇನ್ನರ್ ಟೆಂಪಲನ್ನು ಸೇರಿ ಬಾರಿಷ್ಟರಾಗಿ ಸ್ವದೇಶಕ್ಕೆ ಹಿಂತಿರುಗಿದರು. ಆ ಸೋಲಿನಿಂದ ಸರಕಾರಕ್ಕೆ ಒಬ್ಬ ಕಲೆಕ್ಟರ್ ನಷ್ಟವಾದನು. ದೇಶಕ್ಕೆ ಆದ ಲಾಭವನ್ನು ಮುಂದೆ ನೋಡುವೆವು.

ಕಲಕತ್ತೆಗೆ ಬಂದ ತರುಣ ಬಾರಿಷ್ಟರರಿಗೆ ಮೊದಲ ವರ್ಷಗಳು ಸುಖದವುಗಳಾಗಿರಲಿಲ್ಲ. ಕಕ್ಷಿಗಾರರು ಬರುತ್ತಿರಲಿಲ್ಲ, ಮನೆಯಲ್ಲಿ ಸಾಲ ಬೆಳೆಯುತ್ತಿತ್ತು. ತಂದೆಯವರು ಸ್ನೇಹಿತರಿಗಾಗಿ ಜಾಮೀನು ನಿಂತದ್ದೂ, ಕೇಳಿದವರಿಗೆ ಇಲ್ಲವೆನ್ನದೆ ಕೊಟ್ಟದ್ದೂ ಸೇರಿ ಕೊನೆಗೆ 1906ರಲ್ಲಿ ತಂದೆ ಮಕ್ಕಳಿಬ್ಬರೂ ದಿವಾಳಿಯೆಂದು ನ್ಯಾಯಾಲಯದಲ್ಲಿ ಅರ್ಜಿ ಮಾಡಿಕೊಳ್ಳಬೇಕಾಯಿತು. 1897ರಲ್ಲಿ ಬಾಸಂತೀದೇವಿಯವರೊಡನೆ ವಿವಾಹವಾಗಿತ್ತು, ಸಂಸಾರವೂ ಬೆಳೆದಿತ್ತು. ದಿವಾಳಿಯ ಅವಮಾನ ಹೊತ್ತ ಬಾರಿಷ್ಟರನ ಬಳಿಗೆ ಹಣವುಳ್ಳ ಕಕ್ಷಿಗಾರರು ಬರುವುದುಂಟೆ? ಅವರು ಜಿಲ್ಲಾ ನ್ಯಾಯಸ್ಥಾನಗಳಿಗೆ ಹೋಗಿ ಕ್ರಿಮಿನಲ್ ಖಟ್ಲೆಗಳನ್ನು ನಡೆಸುತ್ತ ಬಂದರು. ನಮ್ಮ ಅಭಿಪ್ರಾಯದಲ್ಲಿ ಅವರ ವಕಾಲತ್ತಿನ ನಿಜವಾದ ಪಾಠಶಾಲೆ ಇದೇ. ಸಾಕ್ಷಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ಅವನು ಕಂಡದ್ದೆಷ್ಟು, ಕೇಳಿದ್ದೆಷ್ಟು, ಕಲಿಸಿಕೊಟ್ಟದ್ದೆಷ್ಟು ಎಂದು ಬೇರ್ಪಡಿಸುವ ವಿದ್ಯೆ ಉಚ್ಚನ್ಯಾಯಾಲಯದ ದೊಡ್ಡ ದಿವಾಣಿ ದಾವೆಗಳಲ್ಲಿ ಬರತಕ್ಕದ್ದಲ್ಲ.

ಬಂಗಾಳದ ವಿಭಜನೆಯಾದ ಮೇಲೆ, ಸ್ವದೇಶಿಯ ಚಳವಳಿ ಹಬ್ಬಿದ ಕಾಲದಲ್ಲಿ ಸರಕಾರವು ಪತ್ರಿಕೆಗಳ ಮೇಲೆ ರಾಜದ್ರೋಹದ ಮೊಕದ್ದಮೆಗಳನ್ನು ಹೂಡತೊಡಗಿತು. 1907ರಲ್ಲಿ ಸಂಧ್ಯಾ ಪತ್ರಿಕೆಯ ಬ್ರಹ್ಮಬಾಂಧವ ಉಪಾಧ್ಯಾಯರ ಪರವಾಗಿ ದಾಸರು ನಿಂತರು. ಆ ಕಕ್ಷಿಗಾರರು ವಕೀಲರಿಗೆ ಬಹಳ ತೊಂದರೆ ಕೊಡತಕ್ಕವರು! ಪರದೇಶೀಯರ ಆಳಿಕೆಗೆ ತಾವು ಉತ್ತರ ಹೇಳಬೇಕಾದವರಲ್ಲವೆಂದು ಸಾರಿ ವಿಚಾರಣೆಯಲ್ಲಿ ಭಾಗವಹಿಸಲೊಲ್ಲೆನೆಂದರು; ಖಟ್ಲೆ ಮುಗಿಯುವುದಕ್ಕೆ ಮುಂಚೆಯೇ ಆಸ್ಪತ್ರೆಯಲ್ಲಿ ಅವರು ತೀರಿಕೊಂಡುದರಿಂದ ಸರಕಾರದ ಕೈಗೆ ಸಿಕ್ಕಲಿಲ್ಲ. ಅದೇ ವರ್ಷ ವಂದೇ ಮಾತರಂ ಪತ್ರಿಕೆಯ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಲು ನಿರಾಕರಿಸಿದ ಬಿಪಿನಚಂದ್ರ ಪಾಲರಿಗೂ ದಾಸರೇ ವಕೀಲರು. ಪಾಲರಿಗೆ ಆರು ತಿಂಗಳ ಶಿಕ್ಷೆಯಾಯಿತು. ಅರವಿಂದ ಘೋಷರು ಪತ್ರಿಕೆಯ ಸಂಪಾದಕರೆಂಬುದು ಸಿದ್ಧವಾಗದೆ ಅವರು ಬಿಡುಗಡೆಯಾದರು. ಈ ಖಟ್ಲೆಗಳಲ್ಲಿ ದಾಸರಿಗೆ ಹಣ ಬಂದದ್ದು ಕಡಮೆ, ಹೆಸರು ಬಂದದ್ದು ಹೆಚ್ಚು.

ಇನ್ನು ಆಲಿಪುರದ ಕಥೆ. 1908ನೆಯ ಏಪ್ರಿಲ್ 30ರಂದು ಮುಜಫರಪುರದಲ್ಲಿ ಮ್ಯಾಜಿಸ್ಟ್ರೇಟ್ ಕಿಂಗ್ಸ್‌ಫೋರ್ಡರಿಗೆಂದು ಎಸೆದ ಬಾಂಬು ಬೇರೆ ಗಾಡಿಗೆ ಬಿದ್ದು, ಏನೂ ಅರಿಯದ ಇಬ್ಬರು ಆಂಗ್ಲ ಸ್ತ್ರೀಯರು, ತಾಯಿಮಕ್ಕಳು, ಸತ್ತರು. ಬಾಂಬೆಸೆದವರಲ್ಲಿ ಪ್ರಫುಲ್ಲ ಚಾಕಿ ತನಗೆ ತಾನೇ ಗುಂಡಿಟ್ಟುಕೊಂಡನು. ಖುದೀರಾಮ ಬೋಸನನ್ನು ಆಗಸ್ಟ್ 11ರಂದು ಗಲ್ಲಿಗೇರಿಸಿದರು. ಎರಡು ದಿನ ಕಳೆಯುವುದರೊಳಗೆ, ಮೇ 2ರಂದು, ಪೋಲೀಸರು ಕಲಕತ್ತೆಯ ಮುರಾರಿಪುಕುರ ತೋಟವನ್ನೂ ಇತರ ಸ್ಥಳಗಳನ್ನೂ ಶೋಧಿಸಿ ಬಾರೀಂದ್ರ ಘೋಷ, ಉಲ್ಲಾಸಕರ ದತ್ತ ಮೊದಲಾದವರನ್ನು ಹಿಡಿದರು; ಗ್ರೇ ಬೀದಿಯ ಮನೆಯಲ್ಲಿ ಮಲಗಿದ್ದ ಅರವಿಂದರನ್ನೂ ಹಿಡಿದರು. ತೋಟದಲ್ಲಿ ಬಾಂಬು ತಯಾರಿಸುವ ಸಾಮಗ್ರಿ ದೊರೆಯಿತೆಂಬುದರಲ್ಲಿ ಸಂದೇಹವಿಲ್ಲ. ಬಾರೀಂದ್ರನೂ ಕೆಲವು ಸಂಗಡಿಗರೂ ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿಗೆಯ ಹೇಳಿಕೆ ಕೊಟ್ಟರೆಂಬುದೂ ನಿಜ. ಹೀಗಿರುವಲ್ಲಿ ಇವರನ್ನು ರಕ್ಷಿಸುವುದಾದರೂ ಹೇಗೆ, ರಕ್ಷಿಸಬೇಕಾದರೂ ಏತಕ್ಕೆ ಎಂದು ಆ ದಿನಗಳಲ್ಲಿ ಕೇಳಿದವರು ಆಂಗ್ಲರು ಮಾತ್ರವೇ ಆಗಿರಲಿಲ್ಲ. ಸರಕಾರದ ಕೃಪೆಯನ್ನು ಕಾಯುತ್ತಿದ್ದ ನಮ್ಮವರೂ ಕೇಳಿದರು.

ಸರಕಾರದ ಪರವಾಗಿ ಮದರಾಸಿನಿಂದ ಅರ್ಡ್ಲಿ ನಾರ್ಟನ್ ಎಂಬ ಹೆಸರಾಂತ ಬಾರಿಷ್ಟರನನ್ನು ಕರೆಯಿಸಲಾಯಿತು. ಆತನ ಫೀಸು ದಿನಕ್ಕೆ ಸಾವಿರ ರೂಪಾಯಿಯೆಂದು ಜನ ಹೇಳುತ್ತಿದ್ದರು. ಇದೇ ನಾರ್ಟನ್ ಒಂದು ಕಾಲದಲ್ಲಿ ಕಾಂಗ್ರೆಸಿನ ವೇದಿಕೆಯ ಮೇಲೆ ನಿಂತವನೆಂಬುದು ಸ್ವಾರಸ್ಯದ ವಿಷಯ. ಆಪಾದಿತರ ಕಡೆಯಲ್ಲಿ ಹಣವೆಲ್ಲಿಯದು? ಅರವಿಂದರ ತಂಗಿ ಸರೋಜಿನಿಯವರು ದೇಶದ ಜನರ ಮುಂದೆ ಸೆರಗೊಡ್ಡಿ ರಕ್ಷಣಾನಿಧಿಗೆ ಬೇಡಿದರು. ಬಂದ ಹಣದಿಂದ ಮೊದಲು ಬೇರೆ ಹಿರಿಯ ಬಾರಿಷ್ಟರರನ್ನು ಗೊತ್ತುಮಾಡಿದರು. ಮೊಕದ್ದಮೆ ತಿಂಗಳುಗಟ್ಟಲೆ ಎಳೆದು ನಿಧಿ ಬರಿದಾಗುತ್ತ ಬಂದಾಗ ದಾಸರು ಖಟ್ಲೆಯನ್ನು ಹೆಗಲಿಗೆ ತೆಗೆದುಕೊಂಡರು. ಆಗ ಅವರು ದಿವಾಳಿಯ ಕಾಗದ ಹೊತ್ತವರೇ. ಬೇರೆ ಕೆಲಸಗಳನ್ನು ಬದಿಗಿಟ್ಟು, ಹೆಚ್ಚುಕಡಮೆ ಪ್ರತಿಫಲವಿಲ್ಲದೆ, ಅರ್ಧ ರಾತ್ರಿಯವರೆಗೆ ಕಾಗದಪತ್ರಗಳ ಮುಂದೆ ಕುಳಿತು ಅವರು ಆರೋಗ್ಯ ಕೆಡಿಸಿಕೊಂಡರು. ಅರವಿಂದರು ಬಿಡುಗಡೆಯಾದ ಕೆಲವು ದಿನಗಳಲ್ಲಿಯೇ ಉತ್ತರಪಾಡಾದಲ್ಲಿ ಮಾಡಿದ ಉಪನ್ಯಾಸದಲ್ಲಿ ಇದನ್ನು ಕೃತಜ್ಞತೆಯಿಂದ ನೆನೆದಿದ್ದಾರೆ. ವಕೀಲರಿಗೆ ತಾವೇ ಟಿಪ್ಪಣಿ ಬರೆದು ಕೊಡುತ್ತಿದ್ದವರು, ದಾಸರು ಬಂದ ಮೇಲೆ ಅದನ್ನು ಬಿಟ್ಟುಕೊಟ್ಟು ನಿಶ್ಚಿಂತರಾದರಂತೆ.

ನ್ಯಾಯಾಸನದಲ್ಲಿ ಕುಳಿತವರು ಬೀಚ್‌ಕ್ರಾಫ್ಟ್ ಎಂಬ ಸೆಷನ್ಸ್ ನ್ಯಾಯಾಧೀಶರು. ಇವರೂ ಅರವಿಂದರೂ ಒಂದೇ ವರ್ಷ ಸಿವಿಲ್ ಸರ್ವೀಸ್ ಪರೀಕ್ಷೆಗೆ ಕುಳಿತವರು. ಗ್ರೀಕ್ ಭಾಷೆಯಲ್ಲಿ ಅರವಿಂದರು ಮೊದಲಿಗರು, ನ್ಯಾಯಾಧೀಶರು ಎರಡನೆಯವರು. ಮೊದಲಿಗನು ಕಟಕಟೆಯಲ್ಲಿ, ಎರಡನೆಯವನು ಪೀಠದಲ್ಲಿ! ಸೆಷನ್ಸ್ ವಿಚಾರಣೆ 1908ನೆಯ ಅಕ್ಟೋಬರಿನಲ್ಲಿ ಆರಂಭವಾಯಿತು. ಸಾಕ್ಷಿಗಳು ಇನ್ನೂರಕ್ಕೆ ಮೇಲ್ಪಟ್ಟು. ಹಾಜರುಮಾಡಿದ ದಾಖಲೆಗಳು ಸುಮಾರು 4000. ಬಾಂಬು, ಪಿಸ್ತೂಲು, ಆಮ್ಲದ ಸೀಸೆ ಮೊದಲಾದ ವಸ್ತುಗಳೂ ಸಾವಿರಗಟ್ಟಲೆ. ನಡುವೆ ರಕ್ತಪಾತವೂ ನಡೆಯಿತು. ಮಾಫಿ ಸಾಕ್ಷಿಯಾದ ನರೇನ್ ಗೋಸಾಯಿಯನ್ನು ಸೆರೆಮನೆಯೊಳಗೇ ಕನಾಯಿಲಾಲ ದತ್ತ, ಸತ್ಯೇಂದ್ರನಾಥ ಬೋಸ್ ಎಂಬಿಬ್ಬರು ಗುಂಡಿಕ್ಕಿ ಕೊಂದು ತಾವೂ ಗಲ್ಲಿಗೇರಿದರು. 1909ನೆಯ ಫೆಬ್ರವರಿಯಲ್ಲಿ ಸರಕಾರಿ ವಕೀಲ ಆಶುತೋಷ ವಿಶ್ವಾಸರನ್ನು ನ್ಯಾಯಸ್ಥಾನದ ಆವರಣದಲ್ಲಿಯೇ ಕೊಲ್ಲಲಾಯಿತು. ಇಂತಹ ವಾತಾವರಣದಲ್ಲಿ ಆಪಾದಿತರ ಪರವಾಗಿ ಏಳುವ ವಕೀಲನ ಮಾತಿಗೆ ಕಿವಿಗೊಡುವವರು ಯಾರು? ಒಂದೊಂದು ಕೊಲೆಯೂ ಕಟಕಟೆಯಲ್ಲಿದ್ದವರ ಕತ್ತಿಗೆ ಒಂದೊಂದು ಸುತ್ತು ಹಗ್ಗವಾಗಿ ಬೀಳುತ್ತಿತ್ತು.

ಹಾಗಿದ್ದೂ ದಾಸರು ಗುಡುಗಲಿಲ್ಲ, ಎದುರು ಪಕ್ಷವನ್ನು ಬೈಯಲೂ ಇಲ್ಲ. ಒಂದೊಂದೇ ಕಾಗದವನ್ನು ಎತ್ತಿಕೊಂಡು, ಇದು ಯಾರ ಕೈಬರಹ, ಎಲ್ಲಿ ದೊರೆಯಿತು, ಶೋಧದ ಪಟ್ಟಿಯಲ್ಲಿ ಇದು ಸೇರಿದ್ದು ಯಾವಾಗ, ಇದರಲ್ಲಿರುವ ಮಾತಿಗೆ ಪ್ರಾಸಿಕ್ಯೂಶನ್ ಹೇಳುವ ಅರ್ಥವಲ್ಲದೆ ಬೇರೆ ಅರ್ಥವಿಲ್ಲವೆ ಎಂದು ವಿಚಾರಿಸುತ್ತ ಹೋದರು. ಇದಕ್ಕೆ ಒಂದು ನಿದರ್ಶನವನ್ನು ಕೊಡುವೆವು. ಅರವಿಂದರ ಮನೆಯಲ್ಲಿ ದೊರೆಯಿತೆಂದು ಪೋಲೀಸರು ಒಂದು ಚಿಕ್ಕ ಆಂಗ್ಲ ಪತ್ರವನ್ನು ಹಾಜರುಮಾಡಿದ್ದರು. ಸೂರತ್ತಿನ ಕಾಂಗ್ರೆಸಿನ ಸಮಯದಲ್ಲಿ ತಮ್ಮ ಬಾರೀಂದ್ರನು ಅಣ್ಣನಿಗೆ ಬರೆದದ್ದೆಂದು ಅವರ ವಾದ. ದೇಶವೆಲ್ಲ ಮಿಠಾಯಿಯನ್ನು ಸಿದ್ಧವಾಗಿಡಬೇಕೆಂಬರ್ಥದ ಮಾತು ಅದರಲ್ಲಿತ್ತು. ಮಿಠಾಯಿಯೆಂದರೆ ಬಾಂಬೆಂದು ನಾರ್ಟನ್ ವಿವರಿಸಿದನು. ಈ ಒಂದು ಕಾಗದ ನಿಜವಾದರೆ ಅರವಿಂದರ ಕತ್ತಿಗೆ ಹಗ್ಗ ಬಿದ್ದಂತೆಯೇ. ದಾಸರು ಕಾನೂನಿನ ಗ್ರಂಥವನ್ನು ತೆರೆಯುವುದಕ್ಕೆ ಮೊದಲು ಬಂಗಾಳದ ಮನೆಯ ಬಾಗಿಲನ್ನು ತೆರೆದು ತೋರಿಸಿದರು. ಅರವಿಂದರು ಮೂರನೆಯ ಅಣ್ಣ. ಬಂಗಾಳದಲ್ಲಿ ತಮ್ಮನಾದವನು ಅಂತಹ ಅಣ್ಣನನ್ನು ಸೇಜದಾ ಎಂದು ಕರೆಯುತ್ತಾನೆಯೇ ಹೊರತು ಆಂಗ್ಲರಂತೆ ಪ್ರಿಯ ಸಹೋದರನೇ ಎಂದು ಬರೆಯುವುದಿಲ್ಲ. ಒಡಹುಟ್ಟಿದವನಿಗೆ ಬರೆಯುವ ಕಾಗದದ ಕೆಳಗೆ ಮನೆತನದ ಹೆಸರನ್ನೂ ಸೇರಿಸಿ ರುಜು ಹಾಕುವುದಿಲ್ಲ. ಮೇಲಾಗಿ ಅಣ್ಣತಮ್ಮಂದಿರಿಬ್ಬರೂ ಆಗ ಸೂರತ್ತಿನಲ್ಲಿಯೇ ಇದ್ದವರು, ಎದುರಿಗೆ ಹೇಳಬಹುದಾದ ಗುಟ್ಟನ್ನು ಕಾಗದದಲ್ಲಿ ಬರೆದದ್ದೇಕೆ? ಇಂತಹ ಅಪಾಯದ ಕಾಗದವನ್ನು ಅರವಿಂದರು ಸುಡದೆ ಕಲಕತ್ತೆಯವರೆಗೆ ತಂದು ತಿಂಗಳುಗಟ್ಟಲೆ ಜೋಪಾನವಾಗಿ ಇಟ್ಟುಕೊಂಡದ್ದೇಕೆ? ನಮ್ಮಲ್ಲಿಯೂ ತಮ್ಮನು ಅಣ್ಣನಿಗೆ ಬರೆಯುವ ಕಾಗದ ಹೇಗೆ ಆರಂಭವಾಗುವುದೆಂದು ಬಲ್ಲ ವಾಚಕರಿಗೆ ಈ ವಾದದ ಬಲ ಬೇರೆ ವಿವರಿಸಬೇಕಾಗಿಲ್ಲ. ಆ ಪತ್ರವು ನಂಬತಕ್ಕದ್ದಲ್ಲವೆಂಬ ಶಂಕೆಯನ್ನು ನ್ಯಾಯಾಧೀಶರು ಪರಿಹರಿಸಿಕೊಳ್ಳಲಾಗಲಿಲ್ಲ. ಅರವಿಂದರ ವಿರುದ್ಧ ಅದನ್ನು ಆಧಾರವಾಗಿ ಹಿಡಿಯಲೂ ಇಲ್ಲ.

ದಾಸರ ಕೊನೆಯ ವಾದ ಎಂಟು ಒಂಬತ್ತು ದಿನ ನಡೆಯಿತು. ಅದರ ಮುಕ್ತಾಯದ ಮಾತುಗಳು ಬಹು ಪ್ರಸಿದ್ಧವಾಗಿ ಪಾಠಪುಸ್ತಕಗಳನ್ನೂ ಸೇರಿವೆ. ನಾವು ಅವನ್ನು ಇಲ್ಲಿ ಎತ್ತಿ ಬರೆಯುವುದಿಲ್ಲ. ಆ ವಾಗ್ವೈಭವದ ಹೊಳಪಿನಲ್ಲಿ, ಅದಕ್ಕೆ ಮುಂಚಿನ ದಿನಗಳ ಒಣ ಕೆಲಸ ಮರೆಯಾಗಿದೆಯೆಂದು ನಮಗೆ ತೋರುತ್ತದೆ. ಅರವಿಂದರನ್ನು ಉಳಿಸಿದ್ದು ಆ ಒಣ ಕೆಲಸವೇ. 1909ನೆಯ ಮೇ 6ರಂದು ತೀರ್ಪಾಯಿತು. ಅರವಿಂದರೂ ಸೇರಿ 17 ಮಂದಿ ಬಿಡುಗಡೆಯಾದರು. ಬಾರೀಂದ್ರ, ಉಲ್ಲಾಸಕರ ಇಬ್ಬರಿಗೂ ಮರಣದಂಡನೆ; ಉಳಿದವರಿಗೆ ದ್ವೀಪಾಂತರ, ಸೆರೆವಾಸ.

ಖ್ಯಾತಿಗಾಗಿ ಖಟ್ಲೆ ಹಿಡಿಯುವ ವಕೀಲನಾಗಿದ್ದರೆ ಇಲ್ಲಿಗೆ ಗಂಟು ಕಟ್ಟಿ ಮನೆಗೆ ಹೋಗುತ್ತಿದ್ದನು. ಪ್ರಸಿದ್ಧ ಕಕ್ಷಿಗಾರನು ಪಾರಾದನಷ್ಟೆ! ದಾಸರು ಉಳಿದವರ ಮೇಲ್ಮನವಿಯನ್ನೂ ಉಚ್ಚನ್ಯಾಯಾಲಯದಲ್ಲಿ ನಡೆಸಿದರು. ಮುಖ್ಯ ನ್ಯಾಯಾಧೀಶ ಸರ್ ಲಾರೆನ್ಸ್ ಜೆಂಕಿನ್ಸರೂ ಕಾರ್ನ್‌ಡಫರೂ ಅದನ್ನು ಕೇಳಿ ನವೆಂಬರಿನಲ್ಲಿ ತೀರ್ಪು ಕೊಟ್ಟರು. ಇಬ್ಬರ ಮರಣದಂಡನೆ ಯಾವಜ್ಜೀವ ದ್ವೀಪಾಂತರವಾಗಿ ಇಳಿಯಿತು. ಇತರ ಹಲವರ ಶಿಕ್ಷೆಗಳು ಕಡಮೆಯಾದವು. ನ್ಯಾಯಾಧೀಶರಿಬ್ಬರಿಗೂ ಮತಭೇದ ಬಂದ ಕೆಲವರ ವಿಷಯ ಮೂರನೆಯ ನ್ಯಾಯಾಧೀಶರ ಮುಂದೆ ಹೋಯಿತು. ಬಾರೀಂದ್ರನೂ ಉಲ್ಲಾಸಕರನೂ ಅಂಡಮಾನಿನಿಂದ ಜೀವಸಹಿತ ಹಿಂತಿರುಗಿದರು.

ಈಗ ನಾವು ಈಸೂರಿನ ಲೆಕ್ಕಕ್ಕೆ ಬರುವೆವು. ಆಲಿಪುರದಲ್ಲಿ ಬಂಧನದಿಂದ ಮೊದಲ ತೀರ್ಪಿಗೆ ಒಂದು ವರ್ಷ ಹಿಡಿಯಿತು, ಮೇಲ್ಮನವಿಗೆ ಮತ್ತೆ ಆರು ತಿಂಗಳು. ಈಸೂರಿನಲ್ಲಿ ಎಲ್ಲವೂ ಸೇರಿ ಆರು ತಿಂಗಳೊಳಗೆ ಮುಗಿದುಹೋಯಿತು. ಯುದ್ಧಕಾಲದ ತುರ್ತು, ಇಬ್ಬರು ಅಧಿಕಾರಿಗಳ ಪ್ರಾಣಹಾನಿ, ಇವುಗಳನ್ನು ನಾವು ಕಡೆಗಣಿಸುವುದಿಲ್ಲ. ಸತ್ತ ಅಧಿಕಾರಿಗಳ ಮನೆಯಲ್ಲಿಯೂ ಹೆಂಡಿರು ಮಕ್ಕಳು ಇದ್ದರು. ಆದರೆ ಗುಂಪಿನ ನಡುವೆ ನಡೆದ ಕೃತ್ಯದಲ್ಲಿ ಯಾರ ಕೈ ಎತ್ತಿತು, ಯಾರು ಬರಿದೆ ನಿಂತು ನೋಡುತ್ತಿದ್ದರು, ಯಾರು ಬಿಡಿಸಲು ಹೋದರು ಎಂಬುದನ್ನು ಬೇರ್ಪಡಿಸಬೇಕಾದರೆ ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಜಾಲಿಸಬೇಕು. ಅದಕ್ಕೆ ಕಾಲ ಬೇಕು, ಹಣ ಬೇಕು, ಆಪಾದಿತರ ಪಕ್ಷಕ್ಕೆ ಬಂದು ಸಾಕ್ಷಿ ಹೇಳುವ ಜನ ಬೇಕು. ಮನೆಮಠ ಬಿಟ್ಟು ಕಾಡಿಗೆ ಓಡಿದ ಊರಿನಲ್ಲಿ ಅಂತಹ ಸಾಕ್ಷಿಗಳು ಎಲ್ಲಿಂದ ಬರಬೇಕು? ಅರವಿಂದರಿಗೆ ಒಬ್ಬ ತಂಗಿಯಿದ್ದಳು, ಕಲಕತ್ತೆಯೆಂಬ ಪಟ್ಟಣವಿತ್ತು, ಪತ್ರಿಕೆಗಳಿದ್ದವು, ದಾಸರಿದ್ದರು. ಈಸೂರಿನ ಐವರ ಹಿಂದೆ ಇದ್ದದ್ದು ಲೂಟಿಯಾದ ಒಂದು ಹಳ್ಳಿ.

ದಾಸರ ಜೀವಿತವನ್ನು ಮುಂದುವರಿಸುವೆವು. ಆಲಿಪುರದ ತರುವಾಯ ಅವರಿಗೆ ಕಕ್ಷಿಗಾರರ ಕೊರತೆಯೆಂಬುದೇ ಇಲ್ಲವಾಯಿತು. ಢಾಕಾ ಪಿತೂರಿಯ ಖಟ್ಲೆಯಲ್ಲಿಯೂ ಆಪಾದಿತರ ಪರವಾಗಿ ನಿಂತರು. ಜಮೀನ್ದಾರರ ಭಾರಿ ದಿವಾಣಿ ದಾವೆಗಳೂ ಬಂದವು. ಹಣ ಹೊಳೆಯಾಗಿ ಹರಿಯಿತು. ಆ ಹಣದಿಂದ ಅವರು ಮಾಡಿದ ಮೊದಲ ಕಾರ್ಯವನ್ನು ಅಧಿಕಾರಿಗಳೂ ವರ್ತಕರೂ ಆದ ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕು. ದಿವಾಳಿಯಾದವನು ಹಳೆಯ ಸಾಲವನ್ನು ತೀರಿಸಬೇಕೆಂದು ಕಾನೂನು ಒತ್ತಾಯಿಸುವುದಿಲ್ಲ. ದಾಸರು 1913ರಲ್ಲಿ, ತಂದೆಯವರ ಸಾಲವನ್ನೂ ಸೇರಿಸಿ, ಸಾಲಗಾರರನ್ನು ಹುಡುಕಿ ಹುಡುಕಿ ಪೈಸೆ ಉಳಿಯದಂತೆ ತೀರಿಸಿ ದಿವಾಳಿಯ ಆಜ್ಞೆಯನ್ನು ತಾವೇ ಕೇಳಿ ತೆಗೆಸಿಕೊಂಡರು. ಈ ನಡುವೆ ಕವಿತೆಗಳನ್ನೂ ಬರೆದರು; ನಾರಾಯಣ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅವರ ಕಾವ್ಯದ ಗುಣದೋಷಗಳನ್ನು ಬಂಗಾಳಿಗಳೇ ನಿರ್ಣಯಿಸಲಿ.

1919ರಲ್ಲಿ ಪಂಜಾಬಿನ ಹತ್ಯಾಕಾಂಡವನ್ನು ವಿಚಾರಿಸಲು ಕಾಂಗ್ರೆಸು ನೇಮಿಸಿದ ಸಮಿತಿಯಲ್ಲಿ ಗಾಂಧೀಜಿ, ಅಬ್ಬಾಸ ತ್ಯಾಬಜಿ, ಜಯಕರ್ ಇವರೊಡನೆ ದಾಸರೂ ಇದ್ದರು. ಸಾಕ್ಷ್ಯವನ್ನು ತೂಗಿ ನೋಡುವ ಅವರ ವಿದ್ಯೆ ಅಲ್ಲಿಯೂ ಉಪಯೋಗಕ್ಕೆ ಬಂತು. ಮರುವರ್ಷದ ಕೊನೆಯಲ್ಲಿ ನಾಗಪುರದ ಕಾಂಗ್ರೆಸಿಗೆ ಅವರು ಹೋದದ್ದು ಗಾಂಧೀಜಿಯವರ ಅಸಹಕಾರವನ್ನು ವಿರೋಧಿಸುವುದಕ್ಕೆ. ಬಂದದ್ದು ಅದರ ಗೊತ್ತುವಳಿಯನ್ನು ತಾವೇ ಮಂಡಿಸಿ. ಕಲಕತ್ತೆಗೆ ಹಿಂತಿರುಗಿದವರೇ ವಕಾಲತ್ತನ್ನು ತ್ಯಜಿಸಿಬಿಟ್ಟರು. ತಿಂಗಳಿಗೆ ಐವತ್ತು ಸಾವಿರ ರೂಪಾಯಿಯ ವರಮಾನವೆಂದು ಜನ ಎಣಿಸುತ್ತಿದ್ದರು. ಎಣಿಕೆ ಅರ್ಧ ತಪ್ಪಿದ್ದರೂ ಅದು ಅರಸನ ವರಮಾನವೇ ಸರಿ.

ಅನಂತರ ನಡೆದದ್ದನ್ನು ನಾವು ಎಷ್ಟೋ ಸಲ ಯೋಚಿಸಿದ್ದೇವೆ. 1921ನೆಯ ಡಿಸೆಂಬರಿನಲ್ಲಿ ಮೊದಲು ಅವರ ಮಗ ಚಿರರಂಜನ, ಆಮೇಲೆ ಬಾಸಂತೀದೇವಿಯವರು, ಕೊನೆಗೆ ಸ್ವತಃ ದಾಸರು ಬಂಧಿತರಾದರು. ಅಹಮದಾಬಾದಿನ ಕಾಂಗ್ರೆಸಿಗೆ ಆರಿಸಲ್ಪಟ್ಟ ಅಧ್ಯಕ್ಷರು ಸೆರೆಮನೆಯಲ್ಲಿದ್ದುದರಿಂದ ಹಕೀಮ್ ಅಜಮಲಖಾನರು ಆ ಸ್ಥಾನದಲ್ಲಿ ಕುಳಿತರು. ದಾಸರ ಮೇಲೆ ವಿಚಾರಣೆ ನಡೆದು ಆರು ತಿಂಗಳ ಶಿಕ್ಷೆಯಾಯಿತು. ಇಡೀ ದೇಶದಲ್ಲಿ ಆಪಾದಿತರ ಪರವಾಗಿ ಅಷ್ಟು ಸಮರ್ಥವಾಗಿ ನಿಂತವರು, ತಮ್ಮ ಸರದಿ ಬಂದಾಗ ಕಟಕಟೆಯಲ್ಲಿ ರಕ್ಷಣೆಯ ಒಂದು ಮಾತನ್ನೂ ಆಡಲಿಲ್ಲ. ಅಸಹಕಾರಿಯಾದವನು ಸರಕಾರದ ನ್ಯಾಯಸ್ಥಾನದಲ್ಲಿ ವಾದಿಸತಕ್ಕದ್ದಲ್ಲವೆಂಬುದು ಆ ಚಳವಳಿಯ ನಿಯಮ. ನಿಯಮವನ್ನು ಅವರು ಪಾಲಿಸಿದರು. ಅಂದಿನ ದೇಶಭಕ್ತರಲ್ಲಿ ಅನೇಕರು ಈ ಮಾರ್ಗವನ್ನೇ ಎಲ್ಲರಿಗೂ ವಿಧಿಸಬೇಕೆಂದಿದ್ದರು. ನಮಗೆ ಅದು ಸಮ್ಮತವಲ್ಲ. ತಿಳಿದು, ಒಪ್ಪಿ, ಸೆರೆಮನೆಗೆ ನಡೆಯುವ ನಾಯಕನ ಮೌನ ಬೇರೆ. ಏನು ಆಪಾದನೆಯೆಂದೇ ತಿಳಿಯದೆ ಕೈಕಟ್ಟಿ ನಿಂತ ಹಳ್ಳಿಯವನ ಮೌನ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ಅನ್ಯಾಯ. ಉಪಾಧ್ಯಾಯರಿಗೂ ಪಾಲರಿಗೂ ವಕೀಲರಾಗಿದ್ದ ದಾಸರಿಗೆ ಈ ವ್ಯತ್ಯಾಸ ಗೊತ್ತಿರಲಿಲ್ಲವೆಂದು ನಾವು ನಂಬಲಾರೆವು.

ಬಿಡುಗಡೆಯಾದ ಮೇಲಿನ ರಾಜಕೀಯ ಜೀವನವನ್ನು ಸಂಕ್ಷೇಪವಾಗಿ ಹೇಳಿಬಿಡುವೆವು. 1922ರಲ್ಲಿ ಗಯಾ ಕಾಂಗ್ರೆಸಿನ ಅಧ್ಯಕ್ಷತೆ, ಅಲ್ಲಿ ಶಾಸನಸಭಾಪ್ರವೇಶದ ವಿಷಯದಲ್ಲಿ ಸೋಲು, ಕೂಡಲೇ ಮೋತೀಲಾಲ ನೆಹರೂರವರೊಡನೆ ಸ್ವರಾಜ್ಯ ಪಕ್ಷದ ಸ್ಥಾಪನೆ, 1924ರಲ್ಲಿ ಕಲಕತ್ತೆಯ ಮೇಯರ್ ಪದವಿ, ತರುಣ ಸುಭಾಷಚಂದ್ರ ಬೋಸರನ್ನು ನಗರಸಭೆಯ ಮುಖ್ಯಾಧಿಕಾರಿಯನ್ನಾಗಿ ನೇಮಿಸಿದ್ದು. ಅದೇ ಅಕ್ಟೋಬರಿನಲ್ಲಿ ಸರಕಾರವು ಸುಭಾಷರನ್ನು ಆಪಾದನೆಯನ್ನೂ ಹೊರಿಸದೆ, ವಿಚಾರಣೆಯನ್ನೂ ನಡೆಸದೆ ಸೆರೆಗೆ ಹಾಕಿತು. ದಾಸರಿಗೆ ಇದು ದೊಡ್ಡ ಆಘಾತ. ಖಟ್ಲೆಯೇ ಇಲ್ಲದ ಬಂಧನಕ್ಕೆ ಯಾವ ವಕೀಲನು ಏನು ಮಾಡಬಲ್ಲನು? ಆ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸು ನೆರೆದಾಗ ದಾಸರೂ ಬಂದಿದ್ದರು. ಕಲಕತ್ತೆಯಲ್ಲಿ ಗಾಂಧೀಜಿ, ದಾಸ, ನೆಹರೂ ಇವರ ನಡುವೆ ಆಗಿದ್ದ ಒಪ್ಪಂದ ಅಲ್ಲಿ ಊರ್ಜಿತವಾಯಿತು. ಕನ್ನಡ ನಾಡು ಅವರನ್ನು ಕಂಡಾಗ ಅವರ ಆಯುಷ್ಯದಲ್ಲಿ ಆರು ತಿಂಗಳೂ ಉಳಿದಿರಲಿಲ್ಲ. ಬೆಳಗಾವಿಯಿಂದ ಹೋದ ಕೆಲವೇ ದಿನಗಳಲ್ಲಿ, 1925ನೆಯ ಜನವರಿಯಲ್ಲಿ, ವಿಚಾರಣೆಯಿಲ್ಲದೆ ಬಂಧಿಸುವ ಅಧಿಕಾರವನ್ನು ಮುಂದುವರಿಸುವ ಮಸೂದೆ ಬಂಗಾಳದ ಶಾಸನಸಭೆಯ ಮುಂದೆ ಬಂತು. ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ದಾಸರನ್ನು ಹೊತ್ತುಕೊಂಡು ಸಭೆಗೆ ತಂದರು. ಮಸೂದೆ ಬಿದ್ದುಹೋಯಿತು. ಗವರ್ನರರು ತಮ್ಮ ವಿಶೇಷಾಧಿಕಾರದಿಂದ ಅದನ್ನು ಊರ್ಜಿತಗೊಳಿಸಿದರೆಂಬುದು ಬೇರೆ ಮಾತು.

ಇವೆಲ್ಲ ಹಳೆಯ ಕಥೆಯೆಂದು ವಾಚಕರು ಪತ್ರಿಕೆಯನ್ನು ಮಡಿಸುವುದಕ್ಕೆ ಮುಂಚೆ ಒಂದೆರಡು ಈಚಿನ ಸಂಗತಿಗಳನ್ನು ಹೇಳಬೇಕಾಗಿದೆ. 2020ರ ಆರಂಭದಲ್ಲಿ ನಮ್ಮ ಮೈಸೂರಿನಲ್ಲಿಯೂ ಹುಬ್ಬಳ್ಳಿಯಲ್ಲಿಯೂ, ರಾಜದ್ರೋಹದ ಆಪಾದನೆಗೆ ಗುರಿಯಾದ ವಿದ್ಯಾರ್ಥಿಗಳ ಪರವಾಗಿ ತಮ್ಮ ಸದಸ್ಯರು ಯಾರೂ ವಕಾಲತ್ತು ವಹಿಸಕೂಡದೆಂದು ವಕೀಲರ ಸಂಘಗಳು ಗೊತ್ತುವಳಿ ಮಾಡಿದವು. ಹೊರಗಿನಿಂದ ವಕೀಲರು ಬರಬೇಕಾಯಿತು, ಅವರಿಗೆ ಪೋಲೀಸು ರಕ್ಷಣೆ ಬೇಕಾಯಿತು, ಹುಬ್ಬಳ್ಳಿಯ ಗೊತ್ತುವಳಿಯ ವಿಷಯದಲ್ಲಿ ರಾಜ್ಯದ ಉಚ್ಚನ್ಯಾಯಾಲಯವು ಕಟುವಾಗಿ ಮಾತನಾಡಬೇಕಾಯಿತು. ಇಂತಹ ಗೊತ್ತುವಳಿಗಳು ನಿರರ್ಥಕ, ವಕೀಲಧರ್ಮಕ್ಕೆ ವಿರುದ್ಧ ಎಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ತೀರ್ಪಿತ್ತಿತ್ತು; ಬಂಗಾಳದ ಕ್ರಾಂತಿಕಾರಿಗಳಿಗೂ ವಕೀಲರು ದೊರೆತಿದ್ದರೆಂಬುದನ್ನು ಆ ತೀರ್ಪಿನಲ್ಲಿ ನೆನಪಿಸಲಾಗಿತ್ತು. ಆಪಾದಿತನು ತಪ್ಪಿತಸ್ಥನೋ ಅಲ್ಲವೋ ಎಂಬ ತಮ್ಮ ಸ್ವಂತ ಅಭಿಪ್ರಾಯವನ್ನು ಬದಿಗಿಟ್ಟು ರಕ್ಷಣೆಯನ್ನು ವಹಿಸಬೇಕೆಂಬುದು ವಕೀಲರ 'ಬಾರ್ ಕೌನ್ಸಿಲ್' ನಿಯಮಗಳಲ್ಲಿಯೇ ಇದೆ. ನಾರ್ಟನ್ನನ ಕಾಲದ ಆಂಗ್ಲ ಸರಕಾರವೂ ಅರವಿಂದರಿಗೆ ವಕೀಲರು ಬೇಡವೆನ್ನಲಿಲ್ಲ. ಸ್ವರಾಜ್ಯದಲ್ಲಿ ನಮ್ಮವರೇ ಬೇಡವೆಂದರು!

ಇನ್ನು ಸೊರಬದ ಅಂಗಳದಲ್ಲಿ ನಿಂತಿರುವ ನಮ್ಮ ರೈತನ ವಿಷಯ. ಸರೋಜಿನಿಯವರಂತೆ ಸೆರಗೊಡ್ಡುವ ಗತಿ ಅವನ ತಂಗಿಗೆ ಬರಬೇಕಾಗಿಲ್ಲ. ಕಾನೂನು ಈಗ ಅಷ್ಟರಮಟ್ಟಿಗೆ ಮುಂದುವರಿದಿದೆ. ಬಂಧಿತನಾದವನು ತನಗೆ ಬೇಕಾದ ವಕೀಲರನ್ನು ಕಂಡು ಮಾತನಾಡತಕ್ಕ ಹಕ್ಕು ಸಂವಿಧಾನದ 22ನೆಯ ಅನುಚ್ಛೇದದಲ್ಲಿದೆ. ವಕೀಲರನ್ನು ಗೊತ್ತುಮಾಡಲು ಶಕ್ತಿಯಿಲ್ಲದ ಆಪಾದಿತನಿಗೆ ಸರಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕೆಂದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 341ನೆಯ ಪ್ರಕರಣ ವಿಧಿಸುತ್ತದೆ. ಹಳೆಯ ಸಂಹಿತೆಯಲ್ಲಿಯೂ ಇದು ಇತ್ತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ ಪ್ರಕಾರ ತಾಲ್ಲೂಕು ಮಟ್ಟದಲ್ಲಿ ಕಾನೂನು ಸೇವೆಗಳ ಸಮಿತಿ ಇರುತ್ತದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡಗಳವರು, ಬಂಧನದಲ್ಲಿರುವವರು, ಇವರ ವರಮಾನವೆಷ್ಟೆಂದು ಸಮಿತಿ ಕೇಳತಕ್ಕದ್ದಿಲ್ಲ. ಒಂದು ಅರ್ಜಿ ಸಾಕು. ಅರ್ಜಿ ಬರೆಯಲು ಬಾರದವನು ಬಾಯಿಮಾತಿನಲ್ಲಿ ಹೇಳಿದರೂ ಬರೆದುಕೊಳ್ಳಬೇಕು. ಇದನ್ನು ಬಲ್ಲ ಗುಮಾಸ್ತರೂ ಶಾಲೆಯ ಉಪಾಧ್ಯಾಯರೂ ಬಸ್ಸಿನಿಂದ ಇಳಿದವನಿಗೆ ಸಮಿತಿಯ ಕೊಠಡಿಯ ಬಾಗಿಲನ್ನು ತೋರಿಸಬಹುದು. ಅಲ್ಲಿ ಕುಳಿತ ವಕೀಲರಿಗೆ ಸಿಕ್ಕುವ ಸಂಭಾವನೆ ಸ್ವಲ್ಪವೇ. ಅವರು ಕಾಗದಗಳನ್ನು ಓದಿ ಬರುತ್ತಾರೋ, ವಾಯಿದೆ ಕೇಳಿ ಹೋಗುತ್ತಾರೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ದಾಸರು ಕೊನೆಗೆ ವಿಶ್ರಾಂತಿಗೆಂದು ದಾರ್ಜಿಲಿಂಗಿಗೆ ಹೋದರು. ಗಾಂಧೀಜಿಯವರೂ ಅಲ್ಲಿಗೆ ಹೋಗಿ ಕೆಲವು ದಿನ ಅವರೊಡನೆ ಇದ್ದು ಬಂದರು. 1925ನೆಯ ಜೂನ್ 16ರಂದು, ಐವತ್ತೈದು ತುಂಬುವ ಮೊದಲೇ, ಅವರು ಅಲ್ಲಿ ದೇಹ ಬಿಟ್ಟರು. ಪಾರ್ಥಿವ ಶರೀರವನ್ನು ರೈಲಿನಲ್ಲಿ ಕಲಕತ್ತೆಗೆ ತಂದಾಗ ಸಿಯಾಲ್ದಾ ನಿಲ್ದಾಣದಿಂದ ಶ್ಮಶಾನದವರೆಗೆ ಲಕ್ಷಾಂತರ ಜನ ಹಿಂಬಾಲಿಸಿದರು. ಗಾಂಧೀಜಿಯವರು ಮುಂದೆ ನಡೆದರು. ಅರಸನಂತೆ ಗಳಿಸಿದವರ ಬಳಿ ಉಳಿದಿದ್ದುದು ರಸಾ ರಸ್ತೆಯ ಮನೆಯೊಂದೇ. ಅದರ ಮೇಲೂ ಸಾಲವಿತ್ತು; ಅದನ್ನೂ ಅವರು ಸಾಯುವುದಕ್ಕೆ ಮುಂಚೆಯೇ ಸಾರ್ವಜನಿಕರಿಗೆ ಬರೆದುಕೊಟ್ಟಿದ್ದರು. ಗಾಂಧೀಜಿಯವರು ಬಂಗಾಳದಲ್ಲಿಯೇ ನಿಂತು ಹತ್ತು ಲಕ್ಷ ರೂಪಾಯಿಯ ಸ್ಮಾರಕ ನಿಧಿಗಾಗಿ ಬೀದಿಬೀದಿ ತಿರುಗಿದರು. ಮರುವರ್ಷ ಆ ಮನೆಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಚಿತ್ತರಂಜನ ಸೇವಾಸದನವೆಂಬ ಆಸ್ಪತ್ರೆ ತೆರೆಯಿತು.